ಇನ್ನೂರ ಹದಿನೇಳನೆಯ ಸಾಲು

ಫೆಬ್ರವರಿ 11

ಮೊಂಡನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನನ್ನದೆಂದು ಗೊತ್ತಾಗಿರುತ್ತದೆ. ಒಡೆಯದೆ ಮೇಜಿನ ಮೂಲೆಗೆ ಸರಿಸಿ, ಎರಡು ದಿನ ಬಿಟ್ಟು ಒಡೆದಿರುತ್ತೀಯ ಎಂದು ನನಗೂ ಗೊತ್ತು. ನಾಲ್ಕು ವರ್ಷದಿಂದ ನೀನು ನನ್ನ ಫೋನ್ ಎತ್ತಿಲ್ಲ. "ಫೋನ್ ಆದ್ರೆ ಕತ್ತರಿಸ್ತಾನೆ. ಕಾಗದ ಆದ್ರೆ ಓದೇ ಓದ್ತಾನೆ. ಬರಿ," ಎಂದು ಚಿಕ್ಕಮ್ಮ ಬೆನ್ನು ಬಿದ್ದಿದ್ದಾಳೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಊರವರ ಕಾಗದ ವಿಂಗಡಿಸಿದವಳು, ಅವಳಿಗೆ ಕಾಗದದ ಮೇಲೆ ನಂಬಿಕೆ ಹೆಚ್ಚು.

ಅವಳ ಒತ್ತಾಯದ ಜೊತೆಗೆ ಒಂದು ನೆಪವೂ ಸಿಕ್ಕಿದೆ. ನಮ್ಮ ಹವಾಮಾನ ಕಚೇರಿಯಲ್ಲಿ ಹೆಸರು ಸಮಿತಿ ಅಂತ ಒಂದನ್ನು ಮಾಡಿ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. ನಿಮ್ಮ ಹೊಗೆ ವಿಭಾಗದ ಪ್ರತಿನಿಧಿ ನೀನೇ ಎಂದು ಪಟ್ಟಿ ನೋಡಿದಾಗ ತಿಳಿಯಿತು. ಗಾಳಿಯ ಲೆಕ್ಕ ಮಾಡುವ ನಮ್ಮ ಪ್ರೋಗ್ರಾಮು, ಹೊಗೆ ಎತ್ತ ಹರಡುತ್ತದೆಂದು ಹೇಳುವ ನಿಮ್ಮದು, ಸಮುದ್ರದವರದು, ನೆಲದವರದು, ಈ ನಾಲ್ಕೂ ಇನ್ನು ಮುಂದೆ ಒಂದೇ ಹೆಸರುಗಳಲ್ಲಿ ಮಾತಾಡಬೇಕಂತೆ. ನಾವು 'ಟಿ' ಅನ್ನುವ ಉಷ್ಣಾಂಶಕ್ಕೆ ನೀವು 'ಟೆಂಪ್' ಅನ್ನುತ್ತೀರಿ, ಸಮುದ್ರದವರು 'ಥೀಟಾ' ಅನ್ನುತ್ತಾರೆ. ನೆಲದವರ ಪ್ರೋಗ್ರಾಮಿನಲ್ಲಿ ಅದರ ಹೆಸರು 'ಎಕ್ಸ್ ಹದಿನಾಲ್ಕು'. ಯಾಕೆ ಹದಿನಾಲ್ಕು ಎಂದರೆ ಅವರ ಪೈಕಿ ಯಾರಿಗೂ ಗೊತ್ತಿಲ್ಲ. ಹೀಗೆ ನಾನೂರ ಮೂವತ್ತೊಂದು ಸಾಲುಗಳಿವೆ. ತೇವಾಂಶಕ್ಕೆ ಏನೆಂದು ಹೆಸರಿಡುವುದೆಂಬುದರ ಬಗ್ಗೆ ಮೂರು ವಾರ ಜಗಳವಾಯಿತು. ಮಗುವಿಗೆ ಹೆಸರಿಡುವಾಗಲೂ ಇಷ್ಟು ಮುನಿಸು ನಾನು ನೋಡಿಲ್ಲ.

ನಿಮ್ಮ ಪ್ರೋಗ್ರಾಮಿಗೂ ನಮ್ಮದಕ್ಕೂ ನಡುವೆ 'ಸೇತುವೆ' ಅಂತ ಒಂದು ಪುಟ್ಟ ಪ್ರೋಗ್ರಾಮು ಇದೆಯಲ್ಲ, ನಮ್ಮ ಹೆಸರನ್ನು ನಿಮ್ಮ ಹೆಸರಿಗೆ ಬದಲಾಯಿಸಿ ಕೊಡುವುದು. ಬರೆದವರು ನಿವೃತ್ತರಾಗಿ ಹನ್ನೆರಡು ವರ್ಷವಾಯಿತು. ಎರಡೂ ಕಡೆ ಹೆಸರು ಒಂದಾದ ಮೇಲೆ ಅದನ್ನು ಕಿತ್ತು ಹಾಕಬಹುದೆಂದು ಅಧ್ಯಕ್ಷರಿಗೆ ಆತುರ. 180ರಿಂದ 260ರವರೆಗಿನ ಸಾಲುಗಳು ನಿಮಗೆ ಸೇರಿದವು. ನೋಡಿ ಹೇಳು.

ಮನೆಯ ಮೆಟ್ಟಿಲ ದೀಪ ನೆನಪಿದೆಯಾ? ಮೇಲೊಂದು ಸ್ವಿಚ್ಚು, ಕೆಳಗೊಂದು ಸ್ವಿಚ್ಚು. ದೀಪ ಸುಮ್ಮನೆ ಉರಿಯುತ್ತಿದೆಯೆಂದು ಅಪ್ಪ ಕೆಳಗಿನಿಂದ ಒತ್ತುತ್ತಿದ್ದ, ಅದೇ ಹೊತ್ತಿಗೆ ಅಮ್ಮ ಮೇಲಿನಿಂದ ಒತ್ತುತ್ತಿದ್ದಳು. ದೀಪ ಒಮ್ಮೆ ಮಿಟುಕಿ ಮತ್ತೆ ಉರಿಯುತ್ತಿತ್ತು. "ನಾನು ಆರಿಸ್ತೀನಿ ಅಂತ ಒಂದು ಮಾತು ಕೂಗೋಕೆ ನಿಮ್ಮ ಮನೆಯೋರಿಗೆ ಏನು ರೋಗ?" ಎಂದು ಚಿಕ್ಕಮ್ಮ ಮೊನ್ನೆ ಅದನ್ನು ನೆನೆದು ನಕ್ಕಳು. ಅವಳು ನಮ್ಮಿಬ್ಬರ ಬಗ್ಗೆಯೇ ಹೇಳುತ್ತಿದ್ದಾಳೆಂದು ತಿಳಿಯದಷ್ಟು ದಡ್ಡಿ ನಾನಲ್ಲ.

ನಿನ್ನ ಅಕ್ಕ


ಮಾರ್ಚ್ 2

ಮಾನ್ಯರೇ,

ತಮ್ಮ ಪತ್ರ ತಲುಪಿದೆ. 180ರಿಂದ 260ರವರೆಗಿನ ಸಾಲುಗಳನ್ನು ಪರಿಶೀಲಿಸಲಾಗಿದೆ.

194: ಅಳತೆ ಗ್ರಾಂ ಅಲ್ಲ, ಮೈಕ್ರೊಗ್ರಾಂ ಎಂದಿರಬೇಕು. 203: ಗಾಳಿಯ ಪದರಗಳನ್ನು ತಾವು ಮೇಲಿನಿಂದ ಕೆಳಕ್ಕೆ ಎಣಿಸುತ್ತೀರಿ, ನಾವು ನೆಲದಿಂದ ಮೇಲಕ್ಕೆ, ಟಿಪ್ಪಣಿ ಸೇರಿಸುವುದು. 217, ಗಾಳಿಯ ದಿಕ್ಕು: ಹೆಸರು ಎರಡೂ ಕಡೆ ಮೊದಲಿನಿಂದಲೂ ಒಂದೇ ಇದೆ. ಒಪ್ಪಿಗೆ. ಉಳಿದವು ಸರಿ ಇವೆ.

ಕಚೇರಿಯ ಕೆಲಸದ ಜೊತೆ ಮನೆಯ ವಿಷಯ ಬೆರೆಸದಿದ್ದರೆ ಉಪಕಾರವಾಗುತ್ತದೆ.

ಇಂತಿ,
ಪ್ರತಿನಿಧಿ, ಹೊಗೆ ವಿಭಾಗ

ವಿ. ಸೂ.: ದೀಪ ನೆನಪಿದೆ.


ಮಾರ್ಚ್ 14

ಮೊಂಡನಿಗೆ,

ಮಾನ್ಯರೇ ಅಂದೆಯಲ್ಲ. ನಿನ್ನ ಮೂಗು ಒರೆಸಿ, ಲೇಸು ಕಟ್ಟಿ, ಕೈ ಹಿಡಿದು ಶಾಲೆಗೆ ಬಿಟ್ಟು ಬಂದವಳು ನಾನು. ಚಿಕ್ಕಮ್ಮ ನನ್ನನ್ನು ಟೀಚರಮ್ಮ ಅನ್ನುವುದು ಅದಕ್ಕೇ. ಟೈಪ್ ಮಾಡುವಾಗ ಬೆರಳು ಒಂದು ಸಲವಾದರೂ ತಡವರಿಸಲಿಲ್ಲವಾ?

ನಿನ್ನ ಸಿಟ್ಟು ಯಾವುದರ ಮೇಲೆಂದು ಗೊತ್ತಿಲ್ಲದೆ ಏನಿಲ್ಲ. ಅಮ್ಮ ತೀರಿಕೊಂಡ ಮಾರನೆಯ ದಿನ ನೀನು ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಾಗ, ಎಲ್ಲರೆದುರು ನಾನು ಅಂದೆ: "ಇಪ್ಪತ್ತು ದಿನ ಅಮ್ಮ ಈ ಬಾಗಿಲು ನೋಡ್ಕೊಂಡು ಮಲಗಿದ್ಲು. ಈಗ ಯಾರನ್ನ ನೋಡೋಕೆ ಬಂದೆ?" ಆ ಮಾತು ಆಡಬಾರದಿತ್ತೆಂದು ನೂರು ಸಲ ಅನ್ನಿಸಿದೆ. ಅದು ಸುಳ್ಳೆಂದು ಒಂದು ಸಲವೂ ಅನ್ನಿಸಿಲ್ಲ.

ನಿನ್ನ ತಿದ್ದುಪಡಿಗಳನ್ನು ಸೇರಿಸಿದ್ದೇನೆ. 217 ಅರ್ಧ ನಿಮಿಷದಲ್ಲಿ ಪಾಸಾಯಿತು. ಹೆಸರು ಒಂದೇ ಇದ್ದ ಕಾರಣ ಜಗಳಕ್ಕೆ ಯಾರಿಗೂ ಏನೂ ಸಿಗಲಿಲ್ಲ. ಸೇತುವೆಯನ್ನು ಈ ತಿಂಗಳ ಕೊನೆಗೆ ಕಿತ್ತು ಹಾಕುತ್ತಾರೆ. ಕಚೇರಿಯ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ನಾನಾಗಿ ಬರೆಯುವುದಿಲ್ಲ.

ಅಕ್ಕ


ಏಪ್ರಿಲ್ 23

ಟೀಚರಮ್ಮನಿಗೂ ಮೊಂಡನಿಗೂ,

ಒಂದೇ ಕಾಗದವನ್ನು ಕಾರ್ಬನ್ ಇಟ್ಟು ಬರೆದು ಇಬ್ಬರಿಗೂ ಕಳಿಸುತ್ತಿದ್ದೇನೆ. ಯಾರಿಗೆ ಮೇಲಿನ ಹಾಳೆ, ಯಾರಿಗೆ ಕೆಳಗಿನದು ಎಂದು ಜಗಳ ಬೇಡ. ಆಸ್ಪತ್ರೆಯಲ್ಲಿದ್ದೇನೆ. ಹೆದರಬೇಡಿ. ಮೂಗಿಗೆ ಕೊಳವೆ ಹಾಕಿದ್ದಾರೆ, ಅದಕ್ಕೇ ಮಾತಾಡುವುದಕ್ಕಿಂತ ಬರೆಯುವುದು ಸುಲಭ. ನಾಲ್ಕು ಸಾಲಿಗೊಮ್ಮೆ ನಿಲ್ಲಿಸುತ್ತೇನೆ.

ನಮ್ಮ ಬೀದಿಯ ಹಿಂದಿನ ಗೋದಾಮು ನಿಮಗೆ ಗೊತ್ತಲ್ಲ. ಗುರುವಾರ ಬೆಳಿಗ್ಗೆ ಅಲ್ಲಿ ಏನೋ ಅನಿಲ ಸೋರಿತಂತೆ. ಮಂಜು ಕವಿದು ಎದುರು ಮನೆಯೇ ಕಾಣುತ್ತಿರಲಿಲ್ಲ. ಆ ಅನಿಲಕ್ಕೆ ಬಣ್ಣವೂ ಇಲ್ಲ. ಬಾಗಿಲು ಬಡಿದ ಅಧಿಕಾರಿಯ ಕೈಯಲ್ಲಿ ಒಂದು ನಕ್ಷೆ ಇತ್ತು. ನಮ್ಮ ಬೀದಿಯೆಲ್ಲ ಕೆಂಪು, ಗೋದಾಮಿನ ಆಚೆ ಬದಿಯ ಶಾಲೆ ಹಸಿರು. ಎಲ್ಲರೂ ಬಸ್ ಹತ್ತಿ ಶಾಲೆಯ ಮೈದಾನಕ್ಕೆ ಹೋಗಬೇಕು ಎಂದರು. ನಕ್ಷೆಯ ಮೂಲೆಯಲ್ಲಿ ನಿಮ್ಮಿಬ್ಬರ ಕಚೇರಿಗಳ ಹೆಸರುಗಳು ಅಕ್ಕಪಕ್ಕ ಅಚ್ಚಾಗಿದ್ದವು. ನಿಮ್ಮಿಬ್ಬರನ್ನು ಅಕ್ಕಪಕ್ಕ ನೋಡಿ ನಾಲ್ಕು ವರ್ಷವಾಗಿತ್ತಲ್ಲ, ಅಷ್ಟು ಗಡಿಬಿಡಿಯಲ್ಲೂ ನನಗೆ ಖುಷಿಯಾಯಿತು.

ಎದುರು ಮನೆಯ ಗಡಿಯಾರ ರಿಪೇರಿಯವರೂ ಅವರ ಹೆಂಡತಿಯೂ ಹೊರಡಲು ಒಪ್ಪಲೇ ಇಲ್ಲ. "ಇಲ್ಲಿ ವಾಸನೆನೇ ಇಲ್ಲ. ಮಂಡಿ ನೋವು ಇಟ್ಕೊಂಡು ಎಲ್ಲಿಗೆ ಹೋಗೋದು?" ಅಂದರು. ನಾನು ಬಿಡುತ್ತೇನೆಯೇ? "ಇದು ನನ್ನ ಮಕ್ಕಳು ಮಾಡಿರೋ ನಕ್ಷೆ. ಬಾಯಿ ಮುಚ್ಕೊಂಡು ಹತ್ತಿ" ಎಂದು ಇಬ್ಬರನ್ನೂ ರೆಟ್ಟೆ ಹಿಡಿದು ಹತ್ತಿಸಿದೆ. ಮೈದಾನದಲ್ಲಿ ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಆಮೇಲೆ ಎಲ್ಲರಿಗೂ ಕೆಮ್ಮು ಹಿಡಿಯಿತು. ಗಾಳಿ ತಿರುಗಿಬಿಟ್ಟಿರಬೇಕು ಎಂದು ಇಲ್ಲಿಯವರು ಹೇಳುತ್ತಾರೆ. ಗಡಿಯಾರದವರು ಶನಿವಾರ ಹೋಗಿಬಿಟ್ಟರು. ಅವರ ಹೆಂಡತಿಯ ವಿಷಯ ಕೇಳಿದರೆ ನರ್ಸ್ ಮಾತು ಮರೆಸುತ್ತಾಳೆ. ಒಟ್ಟು ಒಂಬತ್ತು ಜನ ಎಂದು ಪಕ್ಕದ ಹಾಸಿಗೆಯವಳು ಹೇಳಿದಳು.

ನಿಮ್ಮ ನಕ್ಷೆ ಇಲ್ಲದಿದ್ದರೆ ಇನ್ನೆಷ್ಟು ಜನವೋ. ಮನೆಯಲ್ಲೇ ಇದ್ದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ನಿಮ್ಮಮ್ಮ ಇದ್ದಿದ್ದರೆ ಇದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ನಿಮಗೆ ಒಳ್ಳೆಯದಾಗಲಿ.

ಚಿಕ್ಕಮ್ಮ


ಏಪ್ರಿಲ್ 29

ಅಕ್ಕನಿಗೆ,

ಚಿಕ್ಕಮ್ಮನ ಕಾಗದದ ಕೆಳಗಿನ ಹಾಳೆ ನನಗೆ ಬಂತು. ಅಕ್ಷರ ಮಸುಕಾಗಿದೆ, ಆದರೂ ಓದಲು ಬರುತ್ತದೆ. ಇವತ್ತಿಗೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಗಾಳಿ ತಿರುಗಲಿಲ್ಲ, ಅಕ್ಕ. ಆ ದಿನದ ಅಳತೆಗಳನ್ನೆಲ್ಲ ತರಿಸಿ ನೋಡಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಕಡೆ ಬೀಸಿದೆ, ಶಾಲೆಯ ಕಡೆಗೆ. ನಮ್ಮ ನಕ್ಷೆ ತಿರುಗುಮುರುಗಾಗಿತ್ತು. ಚಿಕ್ಕಮ್ಮನ ಬೀದಿಗೆ ಒಂದು ಉಸಿರಿನಷ್ಟು ಅನಿಲವೂ ಹೋಗಿಲ್ಲ.

ನಾಳೆ ತನಿಖೆಯವರು ಕರೆದಿದ್ದಾರೆ. ಅವರಿಗೆ ಹೇಗೆ ಹೇಳಬೇಕೋ ಹಾಗೆ ನಿನಗೆ ಬರೆದು ನೋಡುತ್ತಿದ್ದೇನೆ. ಗಾಳಿಯ ದಿಕ್ಕು ಎಂದರೆ ನಿಮ್ಮವರಿಗೆ ಗಾಳಿ ಬರುವ ಕಡೆ. ನಮ್ಮವರಿಗೆ ಅದು ಹೋಗುವ ಕಡೆ, ಏಕೆಂದರೆ ಹೊಗೆ ಹೋಗುವ ಕಡೆ ಮಾತ್ರ ನಮಗೆ ಬೇಕು. ನಲವತ್ತು ವರ್ಷದಿಂದ ಎರಡೂ ಕಡೆ ಹೀಗೇ ನಡೆದಿದೆ. ಸೇತುವೆ ಬರೆದ ಪುಣ್ಯಾತ್ಮರು ಅದರೊಳಗೆ ಸದ್ದಿಲ್ಲದೆ ನೂರ ಎಂಬತ್ತು ಡಿಗ್ರಿ ತಿರುಗಿಸಿ ಕೊಡುತ್ತಿದ್ದರು. ನಾವು ಸೇತುವೆ ಕಿತ್ತೆವು. ಹೆಸರು ಒಂದೇ ಇದೆ ಎಂದು ನಾನು ಒಪ್ಪಿಗೆ ಬರೆದೆ. ನಿನ್ನ ಮೇಲಿನ ಸಿಟ್ಟಿನಲ್ಲಿ ಎಂಬತ್ತು ಸಾಲುಗಳನ್ನು ಒಂದು ಗಂಟೆಯಲ್ಲಿ ಮುಗಿಸಿದ್ದೆ. ಇದು ಮೊದಲನೆಯ ತಪ್ಪು, ನನ್ನದು.

ಆದರೆ ಏಪ್ರಿಲ್ ಮೊದಲ ವಾರದಲ್ಲಿ ಅದು ನನಗೆ ಗೊತ್ತಾಯಿತು. ಒಂದು ಇಟ್ಟಿಗೆ ಭಟ್ಟಿಯ ಹೊಗೆ ನಕ್ಷೆಯಲ್ಲಿ ಗಾಳಿಗೆ ಎದುರಾಗಿ ಹೋಗುತ್ತಿತ್ತು. ಸಮಿತಿಗೆ ಬರೆಯಬೇಕಿತ್ತು. ಬರೆದರೆ ಕಾರ್ಯದರ್ಶಿ ಮೂರು ತಿಂಗಳು ಏನು ಮಾಡುತ್ತಿದ್ದಳೆಂದು ಎಲ್ಲರೂ ನಿನ್ನ ಮೇಲೆ ಎಗರುತ್ತಾರೆ ಎಂದುಕೊಂಡೆ. ಆಗ ನಾನು ನಿನ್ನ ಜೊತೆ ಮಾತು ಬಿಟ್ಟಿದ್ದೆ, ಆದರೂ ಯಾರೋ ನಿನ್ನನ್ನು ಅನ್ನುವುದು ನನಗೆ ಬೇಡವಾಗಿತ್ತು. ಹಾಗಾಗಿ ಗಾಳಿಯನ್ನು ಓದುವ ನಮ್ಮ ಭಾಗದಲ್ಲೇ ನೂರ ಎಂಬತ್ತು ಸೇರಿಸಿದೆ. ನಿಮ್ಮ ಮಾರ್ಚ್ ತಿಂಗಳ ದತ್ತಾಂಶದ ಮೇಲೆ ಪರೀಕ್ಷೆ ಮಾಡಿದೆ, ಸರಿ ಬಂತು. ಒಂಬತ್ತನೇ ತಾರೀಖು ಸೋಮವಾರ ಹೊಸ ಪ್ರತಿ ಹಾಕಿದೆವು.

ಸರಿ ಮಾಡಿದ ಹತ್ತು ದಿನಕ್ಕೆ ನಕ್ಷೆ ಹೇಗೆ ತಪ್ಪಾಯಿತು ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಒಂದೇ ಒಂದು ದಾರಿ ಹೊಳೆಯುತ್ತಿದೆ. ಅದು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ನೀನೇನಾದರೂ ನಿನ್ನ ಕಡೆ ತಿರುಗಿಸಿದೆಯಾ?

ಇನ್ನೊಂದು ಮಾತು. ಅಮ್ಮನ ವಿಷಯ. "ಸ್ವಲ್ಪ ಜ್ವರ ಅಷ್ಟೆ, ನಿನ್ನ ಪರೀಕ್ಷೆ ಮುಗಿಸಿಕೊ, ಈಗ ಬರಬೇಡ" ಎಂದು ಬರೆದವಳು ನೀನು. ಆ ಕಾಗದ ನನ್ನ ಹತ್ತಿರ ಇನ್ನೂ ಇದೆ. ಅವತ್ತು ಬಾಗಿಲಲ್ಲಿ ನಿಂತಾಗ ನನ್ನ ಜೇಬಿನಲ್ಲೇ ಇತ್ತು. ಎಲ್ಲರೆದುರು ತೆಗೆದು ತೋರಿಸಿದರೆ ನಿನ್ನ ಮುಖ ಎಲ್ಲಿಡುತ್ತೀಯ ಎಂದು ತುಟಿ ಬಿಚ್ಚಲಿಲ್ಲ.

ತಮ್ಮ


ಮೇ 3

ಮೊಂಡ,

ಹೌದು. ನಾನೂ ತಿರುಗಿಸಿದೆ. ಅದೇ ಸೋಮವಾರ.

ನಿಮ್ಮ ಪ್ರೋಗ್ರಾಮಿನ ಹಳೆಯ ಪ್ರತಿ ನಮ್ಮಲ್ಲಿತ್ತು, ಅದರ ಮೇಲೆ ಪರೀಕ್ಷೆ ಮಾಡಿದೆ. ನನಗೂ ಸರಿ ಬಂತು. ಟಿಪ್ಪಣಿಯ ಅಂಕಣದಲ್ಲಿ 'ದಿಕ್ಕು ಬದಲಿಸಿದೆ' ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ಬರೆದರೆ ಆ ಸಾಲಿಗೆ ಒಪ್ಪಿಗೆ ಕೊಟ್ಟವರು ಯಾರೆಂದು ಹುಡುಕುತ್ತಾರೆ, ನಿನ್ನ ಸಹಿ ಸಿಗುತ್ತದೆ. ನಿನ್ನ ಹೆಸರು ಕೆಡುವುದು ಬೇಡವೆಂದು ಖಾಲಿ ಬಿಟ್ಟೆ. ನೂರ ಎಂಬತ್ತೂ ನೂರ ಎಂಬತ್ತೂ ಸೇರಿ ಗಾಳಿ ಮತ್ತೆ ಮೊದಲಿನ ತಪ್ಪಿಗೇ ಬಂದು ನಿಂತಿತು.

ಅಮ್ಮನ ವಿಷಯದಲ್ಲಿ ನೀನು ಹೇಳಿದ್ದು ನಿಜ. ಬರೆದದ್ದು ನಾನೇ. ಬೇರೆ ಯಾರೋ ಬರೆದರೆಂಬಂತೆ ಮರೆತುಬಿಟ್ಟಿದ್ದೆ. ನಿನ್ನ ಪರೀಕ್ಷೆಗೆ ತೊಂದರೆಯಾಗಬಾರದೆಂದು ಸುಳ್ಳು ಬರೆದೆ, ನೀನು ಅದನ್ನು ನಂಬಿದ್ದಕ್ಕೆ ನಿನ್ನನ್ನೇ ಬೈದೆ. ಇದಕ್ಕೆ ಕ್ಷಮೆ ಕೇಳಲು ನನಗೆ ಬಾಯಿಲ್ಲ.

ಚಿಕ್ಕಮ್ಮನ ಹತ್ತಿರ ಬಂದು ಎರಡು ದಿನವಾಯಿತು. ಶ್ವಾಸಕೋಶ ಸುಟ್ಟಿದೆ, ಮತ್ತೆ ಚಿಗುರುವುದಿಲ್ಲ ಎಂದರು ಡಾಕ್ಟರು. ಬಂದ ನರ್ಸಿಗೆಲ್ಲ "ಇವಳೇ ನೋಡಿ, ನಕ್ಷೆ ಮಾಡಿದೋಳು" ಎಂದು ಪರಿಚಯಿಸುತ್ತಾಳೆ. ಅವರು ನನ್ನ ಕೈ ಕುಲುಕುತ್ತಾರೆ. ನಾನು ಕೈ ಕೊಡುತ್ತೇನೆ. ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಬಾವುಟವಿದೆ, ಅದು ಎತ್ತ ಹಾರುತ್ತಿದೆಯೆಂದು ನೋಡಲೂ ನನ್ನಿಂದ ಆಗುತ್ತಿಲ್ಲ.

ಈ ಸಲ ನಿಜ ಬರೆಯುತ್ತಿದ್ದೇನೆ. ಸ್ವಲ್ಪ ಜ್ವರ ಅಲ್ಲ. ತಕ್ಷಣ ಬಾ.

ಅಕ್ಕ


ಜೂನ್ 15

ಅಕ್ಕನಿಗೆ,

ಚಿಕ್ಕಮ್ಮನ ಕಾರ್ಯ ಮುಗಿಸಿ ಊರಿಗೆ ಮರಳಿ ಹತ್ತು ದಿನವಾಯಿತು. ಈ ಸಲ ಹೊತ್ತಿಗೆ ಸರಿಯಾಗಿ ಬಂದೆನೆಂಬ ಸಮಾಧಾನವೂ ನನ್ನ ಪಾಲಿಗೆ ಉಳಿಯಲಿಲ್ಲ.

ಮೂರು ವಾರ ನಾನೂ ನೀನೂ ಆ ಹಾಸಿಗೆಯ ಎರಡು ಬದಿಗೆ ಕುಳಿತಿದ್ದೆವು. ಚಿಕ್ಕಮ್ಮ ಒಂದು ಕೈಯಲ್ಲಿ ನನ್ನ ಕೈ, ಇನ್ನೊಂದರಲ್ಲಿ ನಿನ್ನದು ಹಿಡಿದುಕೊಂಡು, "ಆ ಗೋದಾಮು ಸೋರಿದ್ದಕ್ಕೆ ನೀವಿಬ್ಬರೂ ಒಂದಾದ್ರಿ" ಎಂದು ನಗುತ್ತಿದ್ದಳು. ಕೊನೆಯ ಎರಡು ದಿನ ಮಾತ್ರ ನನ್ನ ಕಡೆ ನೋಡಲೇ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ನೀರು ಕೊಟ್ಟರೆ ಬೇಡವೆಂದು ಕೈ ಆಡಿಸಿದಳು. ನೋವಿಗೆ ಹಾಗೆ ಮಾಡುತ್ತಾಳೆ ಎಂದೆ ನೀನು. ನಾನು ನಂಬಿದೆ. ನೀನು ಹೇಳಿದ್ದನ್ನೆಲ್ಲ ನಂಬುವುದು ನನಗೆ ಅಭ್ಯಾಸ.

ಅದರ ಹಿಂದಿನ ದಿನ ನಾನು ಔಷಧಿ ತರಲು ಹೋಗಿದ್ದಾಗ ಏನಾಯಿತು? ನಿಜ ಹೇಳು.

ನಾನು ಕೆಲಸ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ.

ತಮ್ಮ


ಜುಲೈ 1

ಮೊಂಡನಿಗೆ,

ಹೇಳಿದೆ. ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಇಷ್ಟಕ್ಕೆಲ್ಲ ಕಾರಣ ನಾವು ಬಾಯಿ ಬಿಡದಿದ್ದದ್ದು, ಇದೊಂದನ್ನಾದರೂ ಬಾಯಿ ಬಿಟ್ಟು ಹೇಳಬೇಕು ಎಂದುಕೊಂಡೆ. ಅವಳು ಬೈದರೆ ಬೈಯಲಿ, ಕೆನ್ನೆಗೆ ಹೊಡೆದರೆ ಹೊಡೆಯಲಿ ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. ನಕ್ಷೆ ತಿರುಗುಮುರುಗಾಗಿತ್ತು, ನಿಮ್ಮ ಬೀದಿಗೆ ಏನೂ ಆಗುತ್ತಿರಲಿಲ್ಲ, ತಪ್ಪು ನಮ್ಮಿಬ್ಬರದು ಎಂದೆ. ಮೂಗಿನ ಕೊಳವೆ ಸರಿಸಿಕೊಂಡಳು. ಆಮೇಲೆ ಕೇಳಿದಳು: "ಹಾಗಾದ್ರೆ ಗಡಿಯಾರದೋರು ಮನೇಲಿದ್ದಿದ್ರೆ ಇರ್ತಿದ್ರಾ?"

ನಾನು ಹೌದು ಎಂದೆ.

"ಬರಲ್ಲ ಅಂದ್ರು. ಬಾಗಿಲು ಹಿಡ್ಕೊಂಡಿದ್ರು. ನಾನೇ ಅವರ ಬೆರಳು ಬಿಡಿಸಿದೆ," ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಅವಳಿಗೆ ನಿನ್ನ ಮೇಲೂ ಸಿಟ್ಟಿರಲಿಲ್ಲ, ನನ್ನ ಮೇಲೂ ಇರಲಿಲ್ಲ. ನನ್ನ ಎದೆಯ ಭಾರ ಇಳಿಸಲು ಹೋಗಿ ಅದನ್ನು ಅವಳ ಎದೆಯ ಮೇಲೆ ಇಟ್ಟುಬಂದೆ. ನಕ್ಷೆಯಿಂದಲೇ ಬದುಕಿದೆ ಎಂದುಕೊಂಡು ಹೋಗುವುದು ಅವಳ ಪಾಲಿಗೆ ಇತ್ತು, ನಾನು ಅದನ್ನೂ ಕಿತ್ತುಕೊಂಡೆ. ಹೇಳಬೇಕಾದಾಗ ಹೇಳಲಿಲ್ಲ, ಹೇಳಬಾರದಾಗ ಹೇಳಿದೆ.

ತನಿಖೆಯ ವರದಿ ಬಂದಿದೆ. 217ನೇ ಸಾಲಿನ ಟಿಪ್ಪಣಿ ಖಾಲಿ ಇದ್ದು, ವಿಭಾಗಗಳ ನಡುವೆ ಸಂವಹನದ ಕೊರತೆ ಕಂಡುಬಂದಿದೆ ಎಂದಿದ್ದಾರೆ. ಯಾರ ಹೆಸರೂ ಇಲ್ಲ. ಒಬ್ಬರ ಹೆಸರನ್ನು ಒಬ್ಬರು ಉಳಿಸಲು ನಾವು ಮಾಡಿದ್ದು ಕೊನೆಗೂ ಫಲ ಕೊಟ್ಟಿತು, ನೋಡು. ಆ ಸಾಲಿಗೆ ಈಗ ಉದ್ದನೆಯ ಹೊಸ ಹೆಸರಿಟ್ಟಿದ್ದಾರೆ, 'ಗಾಳಿ ಬರುವ ದಿಕ್ಕು'. ಯಾರೂ ಜಗಳವಾಡಲಿಲ್ಲ.

ಇದರ ಜೊತೆ ಇನ್ನೊಂದು ಲಕೋಟೆ ಇಟ್ಟಿದ್ದೇನೆ. ಹರಿದು ಹಾಕಬೇಕೆಂದು ಎರಡು ತಿಂಗಳು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಏಪ್ರಿಲ್ ಆರರಂದು ನಿನಗೆ ಬರೆದದ್ದು. ಅಂಟಿಸಿ, ಸ್ಟ್ಯಾಂಪು ಹಚ್ಚಿ, ಮಾರನೆಯ ಬೆಳಿಗ್ಗೆ ಕೈಚೀಲಕ್ಕೆ ಹಾಕುವಾಗ ಮೇಜಿನ ಮೇಲೆ ನಿನ್ನ 'ಮಾನ್ಯರೇ' ಕಾಗದ ಕಣ್ಣಿಗೆ ಬಿತ್ತು. ಪ್ರತಿ ಸಲ ನಾನೇ ಯಾಕೆ ಮೊದಲು ಸೋಲಬೇಕು ಎನ್ನಿಸಿತು. ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

ಹತ್ತು ಹೆಜ್ಜೆ ದೂರದಲ್ಲಿ ಅಂಚೆ ಪೆಟ್ಟಿಗೆ ಇತ್ತು. ನಿನ್ನಿಂದ ಇದೊಂದನ್ನೂ ಮುಚ್ಚಿಡಲಾರೆ. ಓದಿದ ಮೇಲೆ ನನ್ನ ಮುಖ ನೋಡುವುದೇ ಬೇಡ ಅನ್ನಿಸಿದರೆ ಅದೂ ನ್ಯಾಯವೇ.

ಅಕ್ಕ


ಏಪ್ರಿಲ್ 6

ಪ್ರೀತಿಯ ಮೊಂಡನಿಗೆ,

ಇನ್ನು ಬರೆಯುವುದಿಲ್ಲ ಎಂದವಳು ಮೂರು ವಾರಕ್ಕೇ ಬರೆಯುತ್ತಿದ್ದೇನೆ. ನಗು. ನಿನ್ನ ಕಾಗದದ ಕೆಳಗೆ 'ದೀಪ ನೆನಪಿದೆ' ಎಂದಿದ್ದೆಯಲ್ಲ, ಸಿಟ್ಟಿನಲ್ಲಿ ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದುಬಿಟ್ಟೆ. ಆಮೇಲೆ ಹತ್ತು ಸಲ ಓದಿದೆ.

ಈಗ ಕೆಲಸದ ಮಾತು. 217ರಲ್ಲಿ ಇಬ್ಬರೂ ಮುಗ್ಗರಿಸಿದ್ದೇವೆ. ದಿಕ್ಕು ನಮ್ಮಲ್ಲಿ ಬರುವ ಕಡೆ, ನಿಮ್ಮಲ್ಲಿ ಹೋಗುವ ಕಡೆ. ಸೇತುವೆ ಕಿತ್ತ ಮೇಲೆ ನಿಮ್ಮ ನಕ್ಷೆಗಳು ತಿರುಗುಮುರುಗು ಬರುತ್ತಿರಬೇಕು. ಯಾರಿಗೂ ಹೇಳಿಲ್ಲ. ಸೋಮವಾರದ ಹೊಸ ಪ್ರತಿಯಲ್ಲಿ ನಾನೇ ನಮ್ಮ ಕಡೆ ತಿರುಗಿಸಿ ಕಳಿಸುತ್ತೇನೆ. ನೀನು ನಿನ್ನ ಕಡೆ ಏನೂ ಮುಟ್ಟಬೇಡ. ನೀನೂ ತಿರುಗಿಸಿಬಿಟ್ಟರೆ ಮತ್ತೆ ಮೆಟ್ಟಿಲ ದೀಪವೇ ಆಗುತ್ತದೆ.

ಮುಂದಿನ ವಾರ ಚಿಕ್ಕಮ್ಮನ ಮನೆಗೆ ಇಬ್ಬರೂ ಒಟ್ಟಿಗೆ ಹೋಗೋಣವಾ? ಮೊದಲೇ ಹೇಳುವುದು ಬೇಡ, ಬಾಗಿಲು ತೆಗೆದಾಗ ಅವಳ ಮುಖ ನೋಡಬೇಕು.

ಈ ಕಾಗದವನ್ನು ನಾಳೆ ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ.

ನಿನ್ನ ಅಕ್ಕ